ಆಸೆ ಬತ್ತಿದ ಮಗುವಿಗೆ ಆಮಿಷ ಒಡ್ಡಬೇಡಿ



ಎಸ್ಸೆಸ್ಸೆಲ್ಸಿಯಲ್ಲೋ ಪಿಯುಸಿಯಲ್ಲೋ ಇರುವ ಮಗು ಮಂಕಾದರೆ ತಂದೆ ತಾಯಂದಿರಾದ, ಅಧ್ಯಾಪಕರಾದ ನಮಗೆ ತೋಚುವುದು ಎರಡೇ ದಾರಿ. ‘ಒಳ್ಳೆ ಮಾರ್ಕ್ಸ್ ತೆಗೆದರೆ ಗಾಡಿ ಕೊಡಿಸುತ್ತೇವೆ’ ಎಂಬ ಆಮಿಷ ಮೊದಲನೆಯದು. ಅದು ನಾಟದಿದ್ದರೆ ಆಟ, ಹಾಡು, ಗೆಳೆಯರ ಸಹವಾಸ ಎಲ್ಲಕ್ಕೂ ಕತ್ತರಿ. ಆ ಮಂಕಿಗೆ ಖಿನ್ನತೆ ಕಾರಣವಾಗಿದ್ದರೆ ಮೊದಲನೆಯದು ವ್ಯರ್ಥ, ಎರಡನೆಯದು ಹಾನಿಕರ.

ಮುಂದೆ ಒಳ್ಳೆಯದೇನೋ ಸಿಗಲಿದೆ ಎಂಬ ನಿರೀಕ್ಷೆಯೇ ಮನುಷ್ಯನನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತದೆ. ಮಿದುಳಿನ ಆಳದಲ್ಲಿರುವ ವೆಂಟ್ರಲ್ ಸ್ಟ್ರಯೇಟಮ್ ಮತ್ತು ಅಲ್ಲಿಗೆ ಡೋಪಮೀನ್ ಎಂಬ ರಾಸಾಯನಿಕವನ್ನು ಒದಗಿಸುವ ನರಕೋಶಗಳಿಗೆ ಇದರಲ್ಲಿ ದೊಡ್ಡ ಪಾತ್ರವಿದೆ. ನರವಿಜ್ಞಾನಿ ವುಲ್ಫ್‌ರಾಮ್ ಶುಲ್ಟ್ಸ್ ಅವರು ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಹಣ್ಣಿನ ರಸದ ಮುನ್ಸೂಚನೆ ಯಾವುದೆಂದು ಕಲಿತ ಮೇಲೆ ಈ ನರಕೋಶಗಳು ಮಿಡಿದದ್ದು ರಸ ಬಾಯಿಗೆ ಬಿದ್ದಾಗಲ್ಲ, ಸೂಚನೆ ಕಂಡಾಗಲೇ. ಯುರೋಪಿನ ಇಮೇಜನ್ ಅಧ್ಯಯನದ ಭಾಗವಾಗಿ 14 ವರ್ಷದ ಮಕ್ಕಳ ಮಿದುಳನ್ನು ಸ್ಕ್ಯಾನ್ ಮಾಡಿ, 16ರಲ್ಲಿ ಮತ್ತೆ ಅವರ ಸ್ಥಿತಿ ವಿಚಾರಿಸಿದರು. ಖಿನ್ನತೆಯಿದ್ದವರಲ್ಲಿ ಬಹುಮಾನದ ನಿರೀಕ್ಷೆಗೆ ವೆಂಟ್ರಲ್ ಸ್ಟ್ರಯೇಟಮ್‌ನ ಸ್ಪಂದನ ಕಡಿಮೆಯಿತ್ತು. ಅಷ್ಟೇ ಅಲ್ಲ, 14ರಲ್ಲಿ ಚೆನ್ನಾಗಿಯೇ ಇದ್ದವರ ಪೈಕಿ ಯಾರ ಸ್ಪಂದನ ಕಡಿಮೆಯಿತ್ತೋ ಅವರು ಮುಂದೆ ಖಿನ್ನತೆಯತ್ತ ಜಾರುವ ಸಾಧ್ಯತೆ ಹೆಚ್ಚಿತ್ತು ಎಂದು 2015ರ ವರದಿ ಹೇಳುತ್ತದೆ. ಕಣ್ಣೀರು ಕಾಣುವ ಮೊದಲೇ ಆಸೆ ಬತ್ತಿರಬಹುದು. ಅಂಥ ಮಗುವಿಗೆ ಗಾಡಿಯ ಮಾತು ಕೇಳಿಸುತ್ತದೆ, ಆದರೆ ಒಳಗೆ ಏನನ್ನೂ ಎಬ್ಬಿಸುವುದಿಲ್ಲ. ಆತಂಕದ ಬಗೆ ಬೇರೆ. ಎಳವೆಯಿಂದಲೇ ಅಂಜುವ ಸ್ವಭಾವದ ಹದಿಹರೆಯದವರಲ್ಲಿ, ಗೆಲುವು ಸೋಲಿನ ಪಣವಿದ್ದಾಗ ಸ್ಟ್ರಯೇಟಮ್ ಹೆಚ್ಚಾಗಿಯೇ ಕೆರಳಿದ್ದನ್ನು 2006ರಲ್ಲಿ ಅಮೆರಿಕದ ಸಂಶೋಧಕರು ಕಂಡರು. ಇಂಥ ಮಗುವಿಗೆ ಆಮಿಷವೇ ಇನ್ನೊಂದು ಭಯವಾದೀತು.

‘ಮೊಬೈಲ್ ಹಿಡಿದರೆ ನಗುತ್ತಾನೆ, ಓದುವಾಗ ಮಾತ್ರ ಕಾಯಿಲೆಯೇ?’ ಎಂದು ಕೇಳುವವರಿದ್ದಾರೆ. ಬಯಸುವುದು ಬೇರೆ, ಸವಿಯುವುದು ಬೇರೆ. ಕೈಗೆ ಸಿಕ್ಕಿದ್ದಕ್ಕೆ ನಗುವ ಮಗುವಿಗೂ ನಾಳೆಯದಕ್ಕಾಗಿ ಇಂದು ಎದ್ದು ಕೂರುವ ಬಲ ಇಲ್ಲದಿರಬಹುದು. ‘ಎಲ್ಲವನ್ನೂ ಮಿದುಳಿನ ಮೇಲೆ ಹೊರಿಸಿದರೆ ಮಗುವಿನ ಪ್ರಯತ್ನಕ್ಕೆ ಬೆಲೆಯಿಲ್ಲವೇ?’ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಬೆಲೆ ಖಂಡಿತ ಇದೆ, ಏಕೆಂದರೆ ಮಿದುಳು ಅನುಭವದಿಂದ ಬದಲಾಗುತ್ತದೆ. ಮನೋವಿಜ್ಞಾನಿ ಪೀಟರ್ ಲೆವಿನ್‌ಸೋನ್ 1970ರ ದಶಕದಲ್ಲಿ ಬೆಳೆಸಿದ ಚಿಕಿತ್ಸಾ ವಿಚಾರ ಇವತ್ತಿಗೂ ಬಳಕೆಯಲ್ಲಿದೆ: ಹುಮ್ಮಸ್ಸು ಬರಲೆಂದು ಕಾಯದೆ ಸಣ್ಣದೊಂದು ಇಷ್ಟದ ಚಟುವಟಿಕೆಯಿಂದ ಶುರುಮಾಡುವುದು, ಹುಮ್ಮಸ್ಸು ಅದರ ಹಿಂದೆ ಬರುತ್ತದೆ. ಹಾಗಿರುವಾಗ ಸಂಜೆಯ ಆಟವನ್ನು ಕಸಿದುಕೊಳ್ಳುವುದೆಂದರೆ ಮದ್ದನ್ನೇ ಕಸಿದುಕೊಂಡಂತೆ. ಹಾಗೆಂದು ಸ್ಕ್ಯಾನ್ ಮಾಡಿಸಲು ಓಡಬೇಕಿಲ್ಲ. ಮೇಲೆ ಹೇಳಿದ್ದೆಲ್ಲ ಗುಂಪುಗಳ ಸರಾಸರಿ. ಒಂದು ಮಗುವಿನ ಖಿನ್ನತೆಯನ್ನು ಗುರುತಿಸುವುದು ಮಾತಾಡಿಸಿಯೇ.

ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಎರಡು ವಾರವಾದರೂ ಬೇಡವೆನಿಸುತ್ತಿದ್ದರೆ ಮನೋವೈದ್ಯರನ್ನು ಕಾಣಿ, ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಗು ಸಾಯುವ ಮಾತಾಡಿದರೆ ಮಾತ್ರ ವಾರಗಳನ್ನು ಎಣಿಸಬೇಡಿ. ಒಂಟಿಯಾಗಿ ಬಿಡದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.