ಬಿಟ್ಟಿ ಸೇವೆಗೆ ‘ಇಲ್ಲ’ ಎನ್ನುವ ವ್ಯಾಪಾರಿಗಳಿಗೆ ರಕ್ಷಣೆ ಕೋರಿ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ರಾಜ್ಯ ಪೊಲೀಸ್ ದೂರು ಪ್ರಾಧಿಕಾರ,
ಬೆಂಗಳೂರು.

ಇವರಿಂದ,
ಟೀ ಅಂಗಡಿ, ದರ್ಶಿನಿ, ಮೆಸ್, ಬೇಕರಿ, ಎಗ್‌ರೈಸ್ ಗಾಡಿ ನಡೆಸುವ, ಪ್ರತ್ಯೇಕ ಹಾಳೆಗಳಲ್ಲಿ ಸಹಿ ಮಾಡಿರುವ ಸಣ್ಣ ವ್ಯಾಪಾರಿಗಳು.

ವಿಷಯ: ಹಣ ಕೊಡದೆ ಊಟ-ತಿಂಡಿ, ಪಾರ್ಸೆಲ್ ಕೇಳುವ ಪೊಲೀಸ್ ಸಿಬ್ಬಂದಿಗೆ ಸೇವೆ ನಿರಾಕರಿಸುವ ಹಕ್ಕು ಮತ್ತು ನಿರಾಕರಿಸಿದ ಮೇಲೆ ಎದುರಾಗುವ ಕಿರುಕುಳವನ್ನು ತಡೆಯುವ ಬಗ್ಗೆ.

ಮಾನ್ಯರೇ,

ಇದು ಒಬ್ಬ ಅಧಿಕಾರಿಯ ಮೇಲಾಗಲಿ ಒಂದು ಠಾಣೆಯ ಮೇಲಾಗಲಿ ಬರೆದ ದೂರಲ್ಲ. ಆ ಕಾರಣಕ್ಕೇ ಊರಿನ ಹೆಸರನ್ನೂ ಠಾಣೆಯ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇವೆ. ಹೆಸರು ಬರೆದರೆ ಇಬ್ಬರು ಪೇದೆಗಳ ವರ್ಗಾವಣೆಯಾಗಿ ಕಡತ ಮುಚ್ಚುತ್ತದೆ, ಅವರ ಜಾಗಕ್ಕೆ ಬಂದವರಿಗೆ ಹಳಬರು ಯಾವ ಅಂಗಡಿಯಲ್ಲಿ ಏನು ಸಿಗುತ್ತದೆಂದು ಹೇಳಿಕೊಟ್ಟಿರುತ್ತಾರೆ. ನಾವು ಕೇಳುತ್ತಿರುವುದು ಈ ವಾಡಿಕೆಯನ್ನೇ ನಿಲ್ಲಿಸುವ ವ್ಯವಸ್ಥೆಯನ್ನು.

ರಾತ್ರಿ ಶಟರ್ ಅರ್ಧ ಇಳಿಸಿ ಕಾವಲಿ ಉಜ್ಜುವ ಹೊತ್ತಿಗೆ ಜೀಪು ಬಂದು ನಿಲ್ಲುತ್ತದೆ. “ಏನಪ್ಪಾ, ಇನ್ನೂ ಬಾಗಿಲು ಹಾಕಿಲ್ವಾ?” ಎಂದು ಒಳಗಿಂದ ಕೇಳುತ್ತಾರೆ. ‘ಹಾಕ್ತಾ ಇದ್ದೀನಿ ಸಾರ್’ ಎಂಬುದು ಇದಕ್ಕೆ ಸರಿಯಾದ ಉತ್ತರವಲ್ಲ ಎಂದು ಈ ಕಸುಬಿಗೆ ಇಳಿದ ಸ್ವಲ್ಪ ದಿನಕ್ಕೇ ಎಲ್ಲರಿಗೂ ತಿಳಿಯುತ್ತದೆ. ಒಲೆ ಮತ್ತೆ ಹೊತ್ತಿಸಿ ನಾಲ್ಕು ಎಗ್‌ರೈಸ್ ಕಟ್ಟಿಕೊಟ್ಟರೆ ಜೀಪು ಹೊರಡುತ್ತದೆ. ದುಡ್ಡಿನ ಮಾತನ್ನು ಅವರೂ ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ. ನಮ್ಮಲ್ಲೊಬ್ಬರು ಸಾಲದ ಪುಸ್ತಕದಲ್ಲಿ ‘ಸ್ಟೇಷನ್’ ಎಂದು ಒಂದು ಪುಟ ಇಟ್ಟಿದ್ದಾರೆ. ತಾರೀಕು ಇದೆ, ಹೋದ ಪದಾರ್ಥ ಇದೆ, ಫ್ಲಾಸ್ಕಿನಲ್ಲಿ ಎಷ್ಟು ಟೀ ಎಂಬುದೂ ಇದೆ. ರೂಪಾಯಿ ಬರೆಯುವ ಕಾಲಂ ಮಾತ್ರ ಮೇಲಿಂದ ಕೆಳಗಿನವರೆಗೆ ಖಾಲಿ.

ಇಲ್ಲ ಅಂದರೆ ಏನಾಗುತ್ತದೆ? ಹೊಡೆತವಿಲ್ಲ, ಬೈಗುಳವೂ ಅಪರೂಪ. ಮಾರನೇ ದಿನ ಅಂಗಡಿ ಮುಂದೆ ನಿಲ್ಲಿಸಿದ ಗಿರಾಕಿಗಳ ಬೈಕಿಗೆ ದಂಡ ಬೀಳುತ್ತದೆ. ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದ ನಾಮಫಲಕ ಇದ್ದಕ್ಕಿದ್ದಂತೆ ರಸ್ತೆಗೆ ಅಡ್ಡಿಯಾಗುತ್ತದೆ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 92ನೇ ಕಲಮಿನಡಿ ಒಂದು ಪೆಟಿ ಕೇಸು ಬೀಳುತ್ತದೆ. ಅದರ ದಂಡ ದೊಡ್ಡದಲ್ಲ, ಆದರೆ ಕೋರ್ಟಿಗೆ ಅಲೆಯುವ ದಿನ ಅಂಗಡಿ ಮುಚ್ಚಬೇಕು, ಮಾಡಿಟ್ಟ ಹಿಟ್ಟು ಹುಳಿ ಬರುತ್ತದೆ. ಇದರಲ್ಲಿ ಯಾವುದನ್ನೂ ಕಾನೂನುಬಾಹಿರ ಎಂದು ತೋರಿಸಲಾಗದು. ಒಂದೊಂದೂ ಅವರ ಕರ್ತವ್ಯವೇ. ನಿನ್ನೆಯವರೆಗೆ ಮಲಗಿದ್ದ ಕರ್ತವ್ಯ ಇವತ್ತು ಏಕೆ ಎದ್ದಿತು ಎಂಬುದಷ್ಟೇ ನಮ್ಮ ಪ್ರಶ್ನೆ.

ಇನ್ನೊಂದು ಮಗ್ಗುಲನ್ನೂ ತಮ್ಮ ಗಮನಕ್ಕೆ ತರಬೇಕು. ಬೆಳಗಿನ ಪಾಳಿಯ ಕಾನ್‌ಸ್ಟೆಬಲ್ ಒಬ್ಬರು ಬೈಟು ಕಾಫಿ ಕುಡಿದು, ಸ್ಕ್ಯಾನ್ ಮಾಡಿ, ಕೌಂಟರಿನ ಸೌಂಡ್‌ಬಾಕ್ಸ್ ‘ಸ್ವೀಕರಿಸಲಾಗಿದೆ’ ಎನ್ನುವವರೆಗೆ ಅಲ್ಲೇ ನಿಂತಿರುತ್ತಾರೆ. ಗಲ್ಲಾದಲ್ಲಿ ಕೂತವರು ಅವರಿಗೂ “ಬೇಡ ಬಿಡಿ ಸಾರ್” ಎನ್ನುತ್ತಾರೆ. ಅದು ಪ್ರೀತಿಯಿಂದ ಬಂದ ಮಾತಲ್ಲ, ದುಡ್ಡು ತೆಗೆದುಕೊಂಡರೆ ಎಲ್ಲಿ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೋ ಎಂಬ ಅಂಜಿಕೆ. ಖಾಕಿ ಕಂಡರೆ ಜನರ ನಡವಳಿಕೆ ಹೀಗಿದೆ. ಠಾಣೆಯ ಮೆಟ್ಟಿಲು ಹತ್ತುವುದೆಂದರೆ ಮಾನ ಹೋಯಿತು ಎಂದು ನಂಬಿರುವ ಊರುಗಳಲ್ಲಿ, ಕೊಟ್ಟು ಕಳಿಸುವುದೇ ಜಾಣತನ. ‘ಜನಸ್ನೇಹಿ ಪೊಲೀಸ್’ ಎಂದು ಇಲಾಖೆ ಎಷ್ಟು ಬೋರ್ಡು ಹಾಕಿದರೂ, ಬಿಲ್ಲು ಕೇಳಲು ಹೆದರುವವರು ಕಳ್ಳತನದ ಸುಳಿವು ಕೊಡಲೂ ಹೆದರುತ್ತಾರೆ. ಅದರ ನಷ್ಟ ನಮಗಿಂತ ಇಲಾಖೆಗೇ ಹೆಚ್ಚು.

ಎಲ್ಲರೂ ಹೆದರಿಯೇ ಕೊಡುತ್ತಾರೆ ಎಂದರೆ ಅದು ಪೂರ್ತಿ ನಿಜವಲ್ಲ. ಹೊತ್ತು ಮೀರಿ ಅಂಗಡಿ ತೆರೆದಿಡಲು, ಫುಟ್‌ಪಾತಿಗೆ ಟೇಬಲ್ ಎಳೆಯಲು, ಮನೆ ಬಳಕೆಯ ಸಿಲಿಂಡರನ್ನು ಹೋಟೆಲ್ ಒಲೆಗೆ ಹಚ್ಚಲು ಬಿಟ್ಟಿ ಊಟವನ್ನು ಬಂಡವಾಳ ಮಾಡಿಕೊಂಡವರು ನಮ್ಮ ಕಸುಬಿನಲ್ಲಿಯೇ ಇದ್ದಾರೆ. ಅಂಥವರಿಗೆ ರಕ್ಷಣೆ ಕೊಡಿ ಎಂದು ಈ ಮನವಿ ಕೇಳುವುದಿಲ್ಲ.

‘ಪೊಲೀಸರಿಗೆ ಇಲ್ಲಿ ಸೇವೆ ಇಲ್ಲ’ ಎಂದೇ ಫಲಕ ಹಾಕಿಬಿಡೋಣ ಎಂಬ ಮಾತು ನಮ್ಮ ಸಭೆಯಲ್ಲಿ ಬಂದಿತ್ತು. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲುಗಳ ಪ್ರವೇಶದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳದ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. ನೌಕರಿ ಆ ಪಟ್ಟಿಯಲ್ಲಿಲ್ಲ, ಆದ್ದರಿಂದ ಕಾನೂನಿನ ತೊಡಕಿಲ್ಲ ಎಂದು ತಿಳಿದವರೊಬ್ಬರು ವಾದಿಸಿದರು. ಸಭೆ ಒಪ್ಪಲಿಲ್ಲ. ಒಳಗೆ ಬಿಡದ, ಬೇರೆ ಲೋಟ ಇಟ್ಟ ಹೋಟೆಲುಗಳನ್ನು ಕಂಡ ನಾಡು ಇದು. ಅದಕ್ಕಾಗಿಯೇ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಬರಬೇಕಾಯಿತು. ಬಾಗಿಲಲ್ಲಿ ನಿಂತ ಮನುಷ್ಯ ಯಾರು ಎಂದು ನೋಡಿ ‘ಇಲ್ಲ’ ಎನ್ನುವುದನ್ನು ನಾವು ಮತ್ತೆ ಶುರು ಮಾಡಲಾರೆವು. ದುಡ್ಡು ಕೊಡುವ ಪೊಲೀಸರಿಗೆ ಎಲ್ಲರಿಗೂ ಇರುವ ಟೇಬಲ್ಲೇ ಇದೆ. ಕೊಡದವರಿಗೆ, ಅವರು ಯಾರೇ ಆಗಿರಲಿ, ಕೊಡುವುದಿಲ್ಲ ಎನ್ನುವ ಸ್ವಾತಂತ್ರ್ಯ ಮಾತ್ರ ಬೇಕು. ಅಪಘಾತವಾದಾಗ ನೀರು, ಬೆಳಕು, ಫೋನು, ಆರೋಪಿ ಓಡಿಹೋಗದಂತೆ ತಡೆಯಲು ಒಂದು ಕೈ ಇವುಗಳನ್ನು ಯಾವತ್ತೂ ನಿರಾಕರಿಸಿಲ್ಲ. ಪೊಲೀಸರು ಕೇಳಿದಾಗ ಸಾರ್ವಜನಿಕರು ಯಾವ ಸಂದರ್ಭದಲ್ಲಿ ನೆರವಾಗಲೇಬೇಕು ಎಂಬುದನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 31ನೇ ಕಲಮು ಹೇಳುತ್ತದೆ: ಬಂಧನ, ಶಾಂತಿಭಂಗ ತಡೆ, ಸಾರ್ವಜನಿಕ ಆಸ್ತಿಯ ರಕ್ಷಣೆ. ಅದರಲ್ಲಿ ಬಿರಿಯಾನಿ ಪಾರ್ಸೆಲ್ ಇಲ್ಲ.

ಈಗ ಕಾನೂನಿನ ವಿಚಿತ್ರವೊಂದನ್ನು ಹೇಳಬೇಕು, ನಮ್ಮಲ್ಲಿ ಬಹುಪಾಲು ಜನರಿಗೆ ಇದು ಗೊತ್ತೇ ಇರಲಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆ 1988ಕ್ಕೆ 2018ರಲ್ಲಿ ಆದ ತಿದ್ದುಪಡಿಯ ಪ್ರಕಾರ ‘ಅನುಚಿತ ಲಾಭ’ ಎಂದರೆ ನಗದೇ ಆಗಬೇಕಿಲ್ಲ. ಕಟ್ಟಿಕೊಟ್ಟ ಊಟವೂ ಆದೀತು. ಅಷ್ಟೇ ಅಲ್ಲ, 8ನೇ ಕಲಮಿನಲ್ಲಿ ಕೊಟ್ಟವನೂ ಅಪರಾಧಿ, 7 ವರ್ಷದವರೆಗೆ ಶಿಕ್ಷೆ. ಬಲವಂತಕ್ಕೆ ಒಳಗಾಗಿ ಕೊಟ್ಟವನಿಗೆ ವಿನಾಯಿತಿ ಇದೆ, ಆದರೆ ಕೊಟ್ಟ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ವರದಿ ಮಾಡಿರಬೇಕು. ಅಂದರೆ ಜೀಪಿಗೆ ಊಟ ಕಟ್ಟಿಕೊಟ್ಟವರು ವಾರದೊಳಗೆ ಯಾರಿಗೆ ಹೇಳಬೇಕು? ಹತ್ತಿರ ಇರುವುದು ಆ ಜೀಪು ಹೊರಟ ಠಾಣೆಯೇ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು ರದ್ದುಪಡಿಸಿದ ಮೇಲೆ ಇಂಥ ಪ್ರಕರಣಗಳು ಮತ್ತೆ ಲೋಕಾಯುಕ್ತ ಪೊಲೀಸರ ಕೈಗೆ ಬಂದಿವೆ. ನಾಲ್ಕು ಪ್ಲೇಟ್ ಅನ್ನಕ್ಕೆ ಲೋಕಾಯುಕ್ತಕ್ಕೆ ಹೋಗುವ ಟೀ ಅಂಗಡಿಯವರು ಎಷ್ಟು ಮಂದಿ?

ತಮ್ಮ ಬಳಿಗೆ ಬಂದಿರುವುದಕ್ಕೆ ಕಾರಣವಿದೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ದೂರು ಪ್ರಾಧಿಕಾರ ರಚಿಸುವಂತೆ ಹೇಳಿದಾಗ, ಜಿಲ್ಲಾ ಪ್ರಾಧಿಕಾರಗಳು ಸುಲಿಗೆ ಮತ್ತು ಅಧಿಕಾರದ ಗಂಭೀರ ದುರುಪಯೋಗದ ಆರೋಪಗಳನ್ನೂ ವಿಚಾರಿಸಬಹುದು ಎಂದಿತ್ತು. ಲಾಕಪ್ ಸಾವಿನ ಮುಂದೆ ಇಡ್ಲಿ-ವಡೆಯ ಲೆಕ್ಕ ಸಣ್ಣದು, ಒಪ್ಪುತ್ತೇವೆ. ಆದರೆ ‘ಕೊಡದಿದ್ದರೆ ನೋಡ್ಕೋತೀನಿ’ ಎಂಬ ಬೆದರಿಕೆಯ ನೆರಳಲ್ಲಿ ದಿನವೂ ನಡೆಯುವ ವಸೂಲಿಗೆ ಸುಲಿಗೆ ಎನ್ನದೆ ಬೇರೇನು ಹೇಳುವುದು?

ಆದ್ದರಿಂದ ನಮ್ಮ ಬೇಡಿಕೆಗಳು ಇವು.

ಎಲ್ಲಕ್ಕಿಂತ ಮುಖ್ಯವಾದದ್ದು ಸೇಡಿನ ಕ್ರಮದ ತಡೆ. ಬಿಟ್ಟಿ ಸೇವೆ ನಿರಾಕರಿಸಿದ್ದಾಗಿ ವ್ಯಾಪಾರಿ ಲಿಖಿತವಾಗಿಯೋ ಫೋನ್ ಮೂಲಕವೋ ತಿಳಿಸಿದ ದಿನದಿಂದ 60 ದಿನಗಳವರೆಗೆ, ಅದೇ ಠಾಣೆ ಅದೇ ಅಂಗಡಿಯ ಮೇಲೆ ಪೆಟಿ ಕೇಸು ಹಾಕುವುದಿದ್ದರೆ ಡಿವೈಎಸ್‌ಪಿ ಕಾರಣ ಬರೆದು ಸಹಿ ಮಾಡಬೇಕು. ಅದರ ಪ್ರತಿ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಬೇಕು. ತಪ್ಪಿದ್ದರೆ ಕೇಸು ಹಾಕಲಿ, ನಮ್ಮದೇನೂ ತಕರಾರಿಲ್ಲ. ಪಕ್ಕದ ನಾಲ್ಕು ಅಂಗಡಿಗಳ ಅದೇ ತಪ್ಪನ್ನು ಬಿಟ್ಟು ಇದೊಂದನ್ನೇ ಏಕೆ ಆರಿಸಿದರು ಎಂಬುದಕ್ಕೆ ಉತ್ತರ ಇರಲಿ.

ಬಂದೋಬಸ್ತ್ ಊಟದ ವಿಷಯ ಬೇರೆ. ಜಾತ್ರೆ, ಗಣೇಶ ವಿಸರ್ಜನೆ, ಚುನಾವಣೆ ಎಂದರೆ ಪೇದೆಗಳು ಬೆಳಗಿನ ಜಾವದಿಂದ ಬಿಸಿಲಲ್ಲಿ ನಿಂತಿರುತ್ತಾರೆ. ಮಧ್ಯಾಹ್ನ ಮೂರಾದರೂ ಪೊಟ್ಟಣ ಬಂದಿರುವುದಿಲ್ಲ. ಹಸಿದವರಿಗೆ ಇಲ್ಲ ಎನ್ನುವ ಮನಸ್ಸು ನಮ್ಮಲ್ಲಿ ಯಾರಿಗೂ ಇಲ್ಲ. ಕೆಲಸದ ಒತ್ತಡ, ಸಂಬಳ, ರಜೆಯ ವಿಚಾರವಾಗಿ 2016ರ ಜೂನ್‌ನಲ್ಲಿ ಸಾಮೂಹಿಕ ರಜೆಗೆ ಮುಂದಾಗುವವರೆಗೆ ಈ ಸಿಬ್ಬಂದಿಯ ಅಸಮಾಧಾನ ಬೆಳೆದಿತ್ತು ಎಂಬುದನ್ನು ನಾವು ಮರೆತಿಲ್ಲ. ಆದರೆ ಅವರ ಹೊಟ್ಟೆ ತುಂಬಿಸಬೇಕಾದದ್ದು ಸರ್ಕಾರ, ರಸ್ತೆ ಬದಿಯ ಮೆಸ್ಸಿನವರಲ್ಲ. ಎಷ್ಟು ಊಟ, ಯಾವ ದರ ಎಂದು ಬರೆದ ಆದೇಶ ಮುಂಚೆಯೇ ಬರಲಿ, 15 ದಿನದೊಳಗೆ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬೀಳಲಿ. ಕೇಳಿದ ದಿನ ಸಾವಿರ ಇಡ್ಲಿಯಾದರೂ ಬೇಯಿಸಿ ಕೊಡುತ್ತೇವೆ.

ಸಮವಸ್ತ್ರದಲ್ಲಿದ್ದವರಿಗೂ ಬಿಲ್ಲು ಕಡ್ಡಾಯ ಎಂದು ಡಿಜಿ-ಐಜಿಪಿಯವರು ಸುತ್ತೋಲೆ ಹೊರಡಿಸುವಂತೆ ಪ್ರಾಧಿಕಾರ ಶಿಫಾರಸು ಮಾಡಬೇಕು. ಆ ಸುತ್ತೋಲೆ ಕನ್ನಡದಲ್ಲಿರಲಿ, ನಮ್ಮ ಕೌಂಟರಿನಲ್ಲಿ ಅಂಟಿಸಲು ಅನುಮತಿ ಇರಲಿ.

7 ದಿನದ ವರದಿಯನ್ನು ಠಾಣೆಯ ಹೊರಗೆ, ಜಿಲ್ಲಾ ಪ್ರಾಧಿಕಾರದ ಕಚೇರಿಯಲ್ಲಿ ಅಥವಾ ಫೋನ್ ಮೂಲಕ ಸ್ವೀಕರಿಸಿ ಅಂದೇ ತನಿಖಾ ಸಂಸ್ಥೆಗೆ ದಾಟಿಸುವ, ವ್ಯಾಪಾರಿಯ ಮೊಬೈಲಿಗೆ ಸ್ವೀಕೃತಿ ಸಂಖ್ಯೆ ಕಳುಹಿಸುವ ಏರ್ಪಾಡು ಆಗಬೇಕು.

ಗಾಡಿ ವ್ಯಾಪಾರಿಗಳ ಮಟ್ಟಿಗೆ ಹೊಸ ಕಾನೂನು ಬೇಕಿಲ್ಲ. ಬೀದಿ ವ್ಯಾಪಾರಿಗಳ ಕಾಯ್ದೆ 2014ರ 27ನೇ ಕಲಮು, ಪ್ರಮಾಣಪತ್ರದ ಷರತ್ತಿನಂತೆ ವ್ಯಾಪಾರ ಮಾಡುವವರನ್ನು ಪೊಲೀಸರು ಸೇರಿ ಯಾರೂ ತಡೆಯುವಂತಿಲ್ಲ ಎನ್ನುತ್ತದೆ. ಅದನ್ನು ಪ್ರತಿ ಠಾಣೆಯ ಗೋಡೆ ಮೇಲೆ ಬರೆಸಿದರೆ ಸಾಕು.

ಕೊನೆಯದಾಗಿ, ನಮ್ಮ ಹೆಸರು, ಅಂಗಡಿಗಳ ವಿಳಾಸ, ಸಹಿಗಳಿರುವ ಹಾಳೆಗಳನ್ನು ಪ್ರತ್ಯೇಕ ಮುಚ್ಚಿದ ಲಕೋಟೆಯಲ್ಲಿ ಇಟ್ಟಿದ್ದೇವೆ. ಹಿಂದೆ ನಮ್ಮಲ್ಲೊಬ್ಬರು ಮೇಲಿನ ಕಚೇರಿಯೊಂದಕ್ಕೆ ಬರೆದ ಅರ್ಜಿ ‘ಸೂಕ್ತ ಕ್ರಮಕ್ಕಾಗಿ’ ಎಂಬ ಷರಾದೊಂದಿಗೆ ಇಳಿದು ಇಳಿದು, ಅವರು ದೂರಿದ್ದ ಠಾಣೆಗೇ ತಲುಪಿತ್ತು. ವಿಚಾರಣೆಗೆ ಅವರನ್ನೇ ಕರೆಸಿದ್ದರು. ಈ ಲಕೋಟೆಯನ್ನು ಪ್ರಾಧಿಕಾರದ ಕಚೇರಿಯಲ್ಲಿಯೇ ತೆರೆಯಬೇಕು, ನಮ್ಮ ಹೇಳಿಕೆಯನ್ನೂ ಅಲ್ಲಿಯೇ ಪಡೆಯಬೇಕು, ಈ ಮನವಿಯನ್ನು ಯಾವ ಕಾರಣಕ್ಕೂ ಠಾಣೆಗೆ ರವಾನಿಸಬಾರದು ಎಂದು ಕೋರುತ್ತೇವೆ. ವಿಚಾರಣೆಯನ್ನು ಸೋಮವಾರ ಮಧ್ಯಾಹ್ನದ ಹೊತ್ತಿಗೆ ಇಟ್ಟರೆ ಅನುಕೂಲ, ಆಗ ನಮ್ಮಲ್ಲಿ ಹೆಚ್ಚಿನವರು ಅಂಗಡಿಯನ್ನು ಮನೆಯವರಿಗೆ ಒಪ್ಪಿಸಿ ಬರಬಲ್ಲರು.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿಗಳು ಮುಚ್ಚಿದ ಲಕೋಟೆಯಲ್ಲಿ)