ನೀರಿನೊಡನೆ ಸಂಧಾನ

2000ನೆಯ ಇಸವಿಯ ಸಿಡ್ನಿ ಒಲಿಂಪಿಕ್ ಕೂಟದಲ್ಲಿ ‘ಟ್ರಯಥ್ಲಾನ್’ ಸ್ಪರ್ಧೆಗೆ ಮೊದಲ ಬಾರಿಗೆ ಮನ್ನಣೆ ದೊರೆಯಿತು. ಆಪೆರಾ ಹೌಸಿನ ಬಳಿ, ಬಂದರಿನ ನೀರಿನಲ್ಲಿ 1500 ಮೀಟರು ಈಜು. ಅನಂತರ 40 ಕಿಲೋಮೀಟರು ಸೈಕಲ್ ಸವಾರಿ, 10 ಕಿಲೋಮೀಟರು ಓಟ. ಇಡೀ ದಾರಿಯಲ್ಲಿ ಈಜಿನ ಪಾಲು ನೂರಕ್ಕೆ ಮೂರರಷ್ಟೂ ಇಲ್ಲ. ಆದರೂ ನೀರಿನಲ್ಲಿ ಹಿಂದುಳಿದವನಿಗೆ ಮುಂದಣ ಸೈಕಲ್ ಗುಂಪು ಕೈತಪ್ಪುತ್ತದೆ. ಗುಂಪಿನ ಮರೆಯಿಲ್ಲದೆ ಅವನೊಬ್ಬನೇ ಗಾಳಿಯನ್ನು ಎದುರಿಸಬೇಕಾಗುತ್ತದೆ.

ಹಾಗೆಂದು ಕೈಕಾಲು ಬಡಿದ ಮಾತ್ರಕ್ಕೆ ವೇಗ ಬಂದೀತೆ? ನೀರು ಗಾಳಿಗಿಂತ ಸುಮಾರು 800 ಪಾಲು ಸಾಂದ್ರವಾದುದು. ವೇಗ ಇಮ್ಮಡಿಯಾದರೆ ಅದರ ತಡೆ ಸುಮಾರು ನಾಲ್ಮಡಿಯಾಗುತ್ತದೆ. ಆದುದರಿಂದ ಇಲ್ಲಿ ಬಲಕ್ಕಿಂತ ಭಂಗಿಯೇ ಮೇಲು. ತಲೆಯೆತ್ತಿದರೆ ಸೊಂಟ ಮುಳುಗುತ್ತದೆ. ಮುಳುಗಿದ ಸೊಂಟ ಲಂಗರಿನಂತೆ ಹಿಂದಕ್ಕೆ ಎಳೆಯುತ್ತದೆ. ದೃಷ್ಟಿ ತಳದತ್ತ ಇರಬೇಕು. ಉಸಿರಿಗಾಗಿ ತಲೆ ಮೇಲೇಳದೆ, ಮೈಯೊಡನೆ ಪಕ್ಕಕ್ಕೆ ಹೊರಳಬೇಕು. ಮೊಣಕೈ ಮೇಲಿದ್ದು, ಅಂಗೈ ಮುಂಗೈಗಳೆರಡೂ ನೀರನ್ನು ಹಿಂದಕ್ಕೆ ತಳ್ಳಬೇಕು. ಕಾಲಿನ ಬಡಿತ ಮಿತವಾಗಿರಬೇಕು. ಆ ಕಾಲುಗಳಿಗೆ ದಡದಲ್ಲಿ ಇನ್ನೂ 50 ಕಿಲೋಮೀಟರುಗಳ ದುಡಿಮೆ ಕಾದಿದೆ.

ಕೊಳದ ಒಂದು ಉದ್ದಕ್ಕೆ ಕೈ ಎಷ್ಟು ಬಾರಿ ಬೀಸಿತೆಂದು ಎಣಿಸುವುದೇ ಸಾಧಕನ ದಿನದ ಲೆಕ್ಕ. ಹೊತ್ತು ಹೆಚ್ಚದೆ ಆ ಎಣಿಕೆ ಇಳಿದ ದಿನ, ನೀರು ಅವನಿಗೆ ದಾರಿ ಬಿಡತೊಡಗಿತೆಂದೇ ತಿಳಿಯಬೇಕು.