ಕಾಸಿದ್ದವನಿಗೆ ಟೆಂಟು, ಕಾಸಿಲ್ಲದವನಿಗೆ ಕೇಸು

ಗುಡ್ಡದ ಕಡೆ ಮಳೆ ಹಿಡಿದಿದೆಯೋ ಇಲ್ಲವೋ ಅಂತ ತಿಳಿಯೋಕೆ ಸಾರಥಿಯವರಿಗೆ ಟಿ.ವಿ. ಬೇಕಾಗಿಲ್ಲ. ಹೊಳೆ ಉಕ್ಕಿ ಚಿಕ್ಕಬಿದರಿಗೆ ಹೋಗುವ ದಾರಿ ಮುಳುಗಿತು ಅಂದರೆ ಮಲೆನಾಡಲ್ಲಿ ಜೋರಾಗಿದೆ ಅಂತಲೇ ಲೆಕ್ಕ. ತುಂಗೆ, ಭದ್ರೆ ಎರಡೂ ಹುಟ್ಟುವುದು ಕುದುರೆಮುಖದ ಕಡೆಯ ಗಂಗಾಮೂಲದಲ್ಲಿ. ಬಾಬಾಬುಡನ್‌ಗಿರಿ ಸಾಲಿನಿಂದ ಇಳಿಯುವ ಸೋಮವಾಹಿನಿಯಂಥ ಹಳ್ಳಗಳೂ ಭದ್ರೆಗೇ ಸೇರುತ್ತವೆ. ಆ ನೀರು ನಾಲೆಯಲ್ಲಿ ಬಂದು ನಮ್ಮ ಸೀಮೆಯ ಭತ್ತ ಬೆಳೆಸುತ್ತದೆ, ಹೊಳೆಯಲ್ಲಿ ಬಂದು ಹರಿಹರದ ನಲ್ಲಿಗೆ ಇಳಿಯುತ್ತದೆ. 'ಬಯಲುಸೀಮೆಯವರಿಗೆ ಗುಡ್ಡದ ಉಸಾಬರಿ ಯಾಕೆ' ಅಂತ ಹೋದ ವಾರ ಒಬ್ಬರು ನಮಗೆ ಮೆಸೇಜ್ ಮಾಡಿದ್ದರು. ಯಾಕೆ ಅಂದರೆ, ಸ್ವಾಮಿ, ಅಲ್ಲಿ ನೀವು ಮಾಡಿದ್ದನ್ನು ಇಲ್ಲಿ ನಾವು ಕುಡಿಯುತ್ತೇವೆ.

ವಿಷಯ ಟೆಂಟಿನದು. ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ, ಕುದುರೆಮುಖದಂಥ ಎತ್ತರದ ಗುಡ್ಡಗಳಲ್ಲಿ ಕರೆಂಟಿಲ್ಲದೆ, ಕಟ್ಟಡವಿಲ್ಲದೆ, ಒಂದು ಬಟ್ಟೆಯ ಗುಡಾರ ಹೊಡೆದು ಒಂದು ರಾತ್ರಿ ಮಲಗಿ ಬರುವುದು. ನಮ್ಮ ಊರುಗಳ ಹುಡುಗರಿಗೆ ಇದರ ಹುಚ್ಚು ಹಿಡಿದು ನಾಲ್ಕೈದು ವರ್ಷ ಆಯಿತು. ಶನಿವಾರ ರಾತ್ರಿ ಬೈಕ್ ಹತ್ತಿ ಚನ್ನಗಿರಿ, ತರೀಕೆರೆ ದಾರಿ ಹಿಡಿದರೆ ಬೆಳಕು ಹರಿಯುವ ಹೊತ್ತಿಗೆ ಮೋಡದ ಮೇಲೆ ಇರಬಹುದು. ಈಗ ಅದಕ್ಕೆಲ್ಲ ಬೀಗ. ಬೀಗ ಹಾಕಿದ್ದು ತಪ್ಪು ಅಂತ ನಾವು ಹೇಳುವುದಿಲ್ಲ. ಒಂದು ಬಾಗಿಲಿಗೆ ಮಾತ್ರ ಹಾಕಿದ್ದಾರೆ, ನಮ್ಮ ಜಗಳ ಇರುವುದು ಅದಕ್ಕೆ.

ಮೊದಲು ನಮ್ಮ ಕಥೆಯೇ ಹೇಳಿಬಿಡುತ್ತೇವೆ. ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ನಾವು ನಾಲ್ಕು ಜನ ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದೊಳಗಿನ ಟೆಂಟ್ ಜಾಗಕ್ಕೆ ಹೋಗಿದ್ದೆವು. ತಲೆಗೆ 1,800 ರೂಪಾಯಿ. ಬೋರ್ಡಿನಲ್ಲಿ 'ಪ್ರಕೃತಿಯ ಮಡಿಲಲ್ಲಿ ಆದಿಮ ಅನುಭವ' ಅಂತ ಬರೆದಿತ್ತು. ಒಳಗೆ ಹೋದರೆ ಸಾಲಾಗಿ ನಲವತ್ತು ಟೆಂಟು, ನಡುವೆ ಸಿಮೆಂಟಿನ ಕಟ್ಟೆ, ಅದರ ಮೇಲೆ ನಮ್ಮ ಎದೆ ಮಟ್ಟದ ಸ್ಪೀಕರು. ರಾತ್ರಿ ಹನ್ನೆರಡೂವರೆವರೆಗೆ ಕುಣಿತ. ಎರಡು ಶೌಚಾಲಯ, ನೂರಕ್ಕೂ ಹೆಚ್ಚು ಜನ. ಬೆಳಿಗ್ಗೆ ಎದ್ದು ನೋಡಿದರೆ ಗುಂಡಿ ತುಂಬಿ, ಅದರ ನೀರು ಕೆಳಗಿನ ಹಳ್ಳದ ಕಡೆ ಸಣ್ಣಗೆ ಹರಿಯುತ್ತಿತ್ತು. ಟೆಂಟ್ ಹೊಡೆಯುವ ಹುಡುಗ ನಮ್ಮ ಮಾತಿನ ಧಾಟಿ ಕೇಳಿ ಹತ್ತಿರ ಬಂದ. ಚನ್ನಗಿರಿ ಕಡೆಯವನು.

"ಅಣ್ಣಾ, ನೀವು ದಾವಣಗೇರಿ ಕಡೇರಾ? ಇದಕ್ಯಾಕ್ರಿ ಇಷ್ಟು ರೊಕ್ಕ ಕೊಟ್ಟು ಬರ್ತೀರಿ? ನಮ್ಮ ಮಾವ ಕುರಿ ಹಿಂದೆ ವರ್ಷಪೂರ್ತಿ ಹಿಂಗೇ ಮಲಗ್ತಾನ, ಅವನಿಗೇ ರೈತ್ರು ಜ್ವಾಳ ಕೊಡ್ತಾರ!"

ನಕ್ಕೆವು. ಆಮೇಲೆ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು.

ನಿಜ ಅಲ್ಲವೇ? ಗುಡಾರ ನಮಗೆ ಹೊಸದಲ್ಲ. ಕುರಿಗಾರರು ಮಂದೆ ಹೊಡೆದುಕೊಂಡು ಊರೂರು ತಿರುಗುತ್ತಾರೆ. ಮರಿಗಳ ಸುತ್ತ ಬಲೆ ಕಟ್ಟಿ, ನಾಯಿ ಬಿಟ್ಟು, ಕಂಬಳಿ ಹೊದ್ದು ಬಯಲಲ್ಲಿ ಮಲಗುತ್ತಾರೆ. ಎದ್ದು ಹೋದ ಜಾಗದಲ್ಲಿ ಉಳಿಯುವುದು ಗೊಬ್ಬರ ಮಾತ್ರ, ಅದಕ್ಕೇ ಹೊಲದವನು ಕರೆದು ಕರೆದು ಮಂದೆ ನಿಲ್ಲಿಸಿಕೊಳ್ಳುತ್ತಾನೆ. ಮೈಲಾರದ ಕಾರ್ಣಿಕಕ್ಕೆ ನಮ್ಮ ಹಿರಿಯರು ಗಾಡಿ ಕಟ್ಟಿಕೊಂಡು ಹೋದರೆ ಹೊಳೆದಂಡೆಯಲ್ಲಿ ಗಾಡಿಯ ಕೆಳಗೇ ನಿದ್ದೆ, ಮೂರು ಕಲ್ಲಿನ ಒಲೆ. ಇನ್ನು ಕಬ್ಬಿನ ಕಾಲದಲ್ಲಿ ಊರಾಚೆ ಬರುವ ಗ್ಯಾಂಗಿನವರ ಟಾರ್ಪಾಲು ಗುಡಿಸಲು ನೋಡಿದ್ದೀರಲ್ಲ? ಕರೆಂಟಿಲ್ಲ, ಶೌಚಾಲಯವಿಲ್ಲ, ನೀರಿಗೆ ಅರ್ಧ ಮೈಲಿ. ಅದು ಬಡತನ. ಅದನ್ನೇ ಗುಡ್ಡದ ಮೇಲೆ ನಿಲ್ಲಿಸಿ ಬಣ್ಣದ ಲೈಟು ಹಾಕಿದರೆ 1,800 ರೂಪಾಯಿ.

ಈಗ ಕಾನೂನಿನ ಮಾತು. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದು ಇರಲೇಬೇಕು. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಕುಮಾರ ಪರ್ವತದ ದಾರಿಯಲ್ಲಿ ಜನ ಇರುವೆ ಸಾಲಿನಂತೆ ನಿಂತ ಫೋಟೊ ನಿಮ್ಮ ಫೋನಿಗೂ ಬಂದಿರುತ್ತದೆ. ಅದಾದ ಮೇಲೆ ಸರ್ಕಾರ ಚಾರಣಗಳನ್ನು ನಿಲ್ಲಿಸಿತು. ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಅಂತ ಆನ್‌ಲೈನ್ ಬುಕಿಂಗ್ ತಂದು, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿತು. ಮುಳ್ಳಯ್ಯನಗಿರಿ ಕಡೆಗೂ 2025ರ ಸೆಪ್ಟೆಂಬರ್‌ನಿಂದ ವಾಹನಕ್ಕೆ ಮುಂಗಡ ನೋಂದಣಿ ಬಂತು. ಒಳ್ಳೆಯ ಕೆಲಸ. ನಾವು ಚಪ್ಪಾಳೆ ಹೊಡೆಯುತ್ತೇವೆ.

ಆದರೆ ಇದೆಲ್ಲ ಹಗಲಿನ ಲೆಕ್ಕ. ಹತ್ತು, ನೋಡು, ಇಳಿ. ರಾತ್ರಿ ಉಳಿಯಬೇಕು ಅನ್ನುವವನು ಎಲ್ಲಿಗೆ ಹೋಗಬೇಕು? ಗುಡ್ಡದ ಬುಡದ ರೆಸಾರ್ಟಿಗೆ, ಹೋಂಸ್ಟೇಗೆ. ಅಲ್ಲಿ ಬಾಗಿಲು ಹಗಲೂ ರಾತ್ರಿ ತೆರೆದೇ ಇರುತ್ತದೆ. ಸರ್ಕಾರವೇ ಏನು ಮಾಡಿದೆ ನೋಡಿ. ಬಿಳಿಗಿರಿರಂಗನ ಬೆಟ್ಟದ ಹುಲಿ ರಕ್ಷಿತಾರಣ್ಯದೊಳಗೆ, ಕೆ. ಗುಡಿಯಲ್ಲಿ, ಸರ್ಕಾರದ್ದೇ ಜಂಗಲ್ ಲಾಡ್ಜಸ್ ಸಂಸ್ಥೆ ಟೆಂಟಿನ ಕೋಣೆಗಳನ್ನು ಬಾಡಿಗೆಗೆ ಕೊಡುತ್ತದೆ. ಒಳಗೆ ಮಂಚ, ಹಾಸಿಗೆ, ಸ್ನಾನದ ಮನೆ. ದರ ಸಾವಿರಗಳಲ್ಲಿ. ಹಾಗಾದರೆ ಹುಲಿ ಇರುವ ಕಾಡಿನಲ್ಲಿ ಟೆಂಟು ಕೂಡದು ಅನ್ನುವುದು ಸುಳ್ಳಾಯಿತು. ಕೂಡದಿರುವುದು ಅಗ್ಗದ ಟೆಂಟು.

ಟೆಂಟ್ ಹೊಡೆದು ಗುಡ್ಡ ಹಾಳಾಯಿತು ಅನ್ನುವವರು ಕೆಮ್ಮಣ್ಣುಗುಂಡಿಯ ಹೆಸರನ್ನೊಮ್ಮೆ ಬಿಡಿಸಿ ಓದಲಿ. ಕೆಂಪು ಮಣ್ಣಿನ ಗುಂಡಿ. ಅಲ್ಲಿನ ಕಬ್ಬಿಣದ ಅದಿರು ತೊಟ್ಟಿಲಿನ ಹಾಗೆ ತಂತಿಯ ಮೇಲೆ ತಣಿಗೆಬೈಲಿಗೆ ಇಳಿದು, ಭದ್ರಾವತಿ ಕಾರ್ಖಾನೆಗೆ ಹೋಗುತ್ತಿತ್ತು. ಕುದುರೆಮುಖದಲ್ಲಿ ಗುಡ್ಡಕ್ಕೆ ಗುಡ್ಡವೇ ಅಗೆದರು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2005ರ ಕೊನೆಗೆ ಅದು ನಿಂತಿತು. ಹೂಳು ತುಂಬಿದ ಲಕ್ಯಾ ಅಣೆಕಟ್ಟು ಇವತ್ತಿಗೂ ಅಲ್ಲಿದೆ. ಇಷ್ಟೆಲ್ಲ ಆಗುವಾಗ ಸುಮ್ಮನಿದ್ದ ದೊಡ್ಡವರಿಗೆ ಈಗ ಹರಿಹರದ ಹುಡುಗನ ಎರಡೂವರೆ ಕೆಜಿ ಟೆಂಟು ಕಣ್ಣು ಚುಚ್ಚುತ್ತದೆ.

ಹಾಗಂತ ಎದುರು ಮಾತನ್ನು ನಾವು ಕೇಳಿಸಿಕೊಂಡಿಲ್ಲ ಅಂತಲ್ಲ. ಗಟ್ಟಿ ವಾದಗಳಿವೆ. ಎತ್ತರದ ಹುಲ್ಲುಗಾವಲು ನಮ್ಮ ಕರಿಕೆ ಹುಲ್ಲಿನ ಹಾಗಲ್ಲ, ತುಳಿದರೆ ಬೇಗ ಏಳುವುದಿಲ್ಲ. ಅದರ ಕೆಳಗಿನ ಕಣಿವೆಯ ಶೋಲಾ ಕಾಡೇ ಮಳೆ ನೀರು ಹಿಡಿದಿಟ್ಟು ಬೇಸಿಗೆಯಲ್ಲಿ ಹಳ್ಳಕ್ಕೆ ಬಿಡುವುದು. ಉತ್ತರಾಖಂಡದ ಹೈಕೋರ್ಟ್ 2018ರಲ್ಲಿ ಹಿಮಾಲಯದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿತು, ಇದೇ ಕಾರಣಕ್ಕೆ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿ ಬಳಿ ರೆಸಾರ್ಟಿನ ಟೆಂಟಿನಲ್ಲಿ ತಂಗಿದ್ದ ಯುವತಿಯೊಬ್ಬರು ಆನೆ ದಾಳಿಯಲ್ಲಿ ತೀರಿಕೊಂಡರು. ಬೆಂಕಿಯದು ಇನ್ನೊಂದು. ಜನವರಿ ದಾಟಿದರೆ ಗಿರಿಯ ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ. ಒಂದು ಬೀಡಿ ಸಾಕು.

ಹಾಗಾಗಿ ನಮ್ಮ ಹುಡುಗರಿಗೂ ಎರಡು ಮಾತು. ಬೇಜಾರಾದರೆ ಆಗಲಿ. 2022ರಲ್ಲಿ ಗಿರಿಯ ಮೇಲೆ ಕುರಿಂಜಿ ಅರಳಿದಾಗ ವರ್ಷಗಟ್ಟಲೆ ಕಾದು ಬಂದ ಹೂವನ್ನು ಗೊಂಚಲು ಗೊಂಚಲು ಕಿತ್ತು ಬೈಕಿನ ಕನ್ನಡಿಗೆ ಸಿಕ್ಕಿಸಿಕೊಂಡು ಬಂದವರು ಯಾರು? ಬಾಟಲಿ ಒಡೆದು ಕಲ್ಲಿನ ಸಂದಿಗೆ ತುರುಕಿದವರು ಯಾರು? ಬೆಂಗಳೂರಿನವರು ಅಂತ ತಪ್ಪಿಸಿಕೊಳ್ಳಬೇಡಿ, ಕೆಎ 17 ಬೋರ್ಡು ನಾವೇ ನೋಡಿದ್ದೇವೆ. ಮೋಡ ನೋಡೋಕೆ ಅಂತ ಅಷ್ಟು ದೂರ ಹೋಗಿ, ಇಲ್ಲಿ ಗಣಪತಿ ಮೆರವಣಿಗೆಯಲ್ಲಿ ಕೇಳಿದ ಅದೇ ಹಾಡು ಅಲ್ಲೂ ಹಾಕಿದರೆ ಪೆಟ್ರೋಲು ದಂಡ. ಹಾಗೆ ಮಾಡಿದವರ ಕೈಗೆ ಮತ್ತೆ ಗುಡ್ಡ ಕೊಡಿ ಅಂತ ನಾವು ಕೇಳುತ್ತಿಲ್ಲ.

ನಾವು ಕೇಳುತ್ತಿರುವುದು ಒಂದು ಬಯಲು. ಒಂದೇ ಒಂದು. ಶೋಲಾದಲ್ಲಿ ಬೇಡ, ಶಿಖರದ ಮೇಲೆ ಬೇಡ, ಆನೆ ದಾರಿಯಲ್ಲಂತೂ ಬೇಡವೇ ಬೇಡ. ಆಗಲೇ ಮನುಷ್ಯ ಕೈಯಾಡಿಸಿದ ಜಾಗವಿದೆಯಲ್ಲ, ಕೆಮ್ಮಣ್ಣುಗುಂಡಿಯ ತೋಟಗಾರಿಕೆ ಇಲಾಖೆಯ ನೆಲದಂಥದ್ದು, ಅಲ್ಲಿ ಹದಿನೈದು ಟೆಂಟಿಗೆ ಗುರುತು ಹಾಕಿದ ಜಾಗ. ಕರೆಂಟು ಬೇಡ. ಕಟ್ಟಡ ಬೇಡ. ಹೋಟೆಲು ಬೇಡ. ಕುಡಿಯುವ ನೀರನ್ನೂ ನಾವೇ ಹೊತ್ತು ತರುತ್ತೇವೆ. ಬೆಂಕಿ ಪೂರ್ತಿ ನಿಷೇಧ. ನೆಲದಲ್ಲಿ ಗುಂಡಿ ತೋಡಿದ ಎರಡು ಪಾಯಿಖಾನೆ ಮಾತ್ರ ಇರಲಿ, ಅದೂ ಹಳ್ಳದಿಂದ ದೂರ. ಹೊರ ದೇಶಗಳಲ್ಲಿ ಗುಡ್ಡದಲ್ಲಿ ತಂಗುವವರಿಗೆ ಹೇಳಿಕೊಡುವ ಲೆಕ್ಕ ಸುಲಭವಿದೆ: ನೀರಿನಿಂದ ಇನ್ನೂರು ಅಡಿ ಆಚೆ, ಒಂದು ಗೇಣು ಆಳದ ಗುಂಡಿ, ಮೇಲೆ ಮಣ್ಣು. ಚೊಂಬು ಹಿಡಿದು ಬೆಳೆದ ನಮಗೆ ಇದನ್ನು ಕಲಿಯೋಕೆ ಕಷ್ಟವೇನಿಲ್ಲ. ಪ್ಲಾಸ್ಟಿಕ್ ಒಳಗೆ ಹೋಗುವಾಗ ಎಣಿಸಲಿ, ಹೊರಗೆ ಬರುವಾಗ ಎಣಿಸಲಿ. ಒಂದು ಕಡಿಮೆಯಾದರೆ ಐನೂರು ದಂಡ ಹಾಕಲಿ. ಕಾವಲಿಗೆ ಅಲ್ಲಿನ ಹಳ್ಳಿಯವರನ್ನೇ ಇಟ್ಟು, ತಲೆಗೆ ನೂರು ರೂಪಾಯಿ ಶುಲ್ಕ ಅವರ ಸಂಬಳಕ್ಕೇ ಹೋಗಲಿ. ಬೆಂಕಿಯ ತಿಂಗಳುಗಳಲ್ಲೂ ಮುಂಗಾರಿನಲ್ಲೂ ಬಾಗಿಲು ಮುಚ್ಚಲಿ.

ಸ್ಕಾಟ್ಲೆಂಡಿನಲ್ಲಿ 2003ರ ಒಂದು ಕಾನೂನು ಸಾಮಾನ್ಯ ಜನರಿಗೆ ಗುಡ್ಡ, ಬಯಲಿನಲ್ಲಿ ಜವಾಬ್ದಾರಿಯಿಂದ ಟೆಂಟ್ ಹೊಡೆಯುವ ಹಕ್ಕು ಕೊಟ್ಟಿದೆ. ಅಲ್ಲೂ ಕುಡಿದು ಗಲಾಟೆ ಮಾಡಿ ಕೆರೆದಂಡೆ ಹಾಳು ಮಾಡಿದವರಿದ್ದರು. ಆಗ ಅಲ್ಲಿನ ಸರ್ಕಾರ ಇಡೀ ದೇಶಕ್ಕೆ ಬೀಗ ಹಾಕಲಿಲ್ಲ. ಹಾಳಾದ ಆ ಕೆರೆದಂಡೆಗಳಿಗೆ ಮಾತ್ರ, ಜನ ಜಾಸ್ತಿ ಬರುವ ತಿಂಗಳುಗಳಲ್ಲಿ ಮಾತ್ರ, 2017ರಿಂದ ಪರವಾನಗಿ ತಂದಿತು. ನಮ್ಮಲ್ಲಿ ತಲೆನೋವು ಬಂದರೆ ತಲೆಯನ್ನೇ ತೆಗೆಯುವ ಚಾಳಿ.

'ರಾತ್ರಿ ಮಲಗಿದರೆ ಏನು ಸಿಗುತ್ತದೆ, ಹಗಲು ನೋಡಿದರೆ ಸಾಲದೇ' ಅಂತ ನಮ್ಮ ಮನೆಗಳಲ್ಲೇ ಕೇಳುತ್ತಾರೆ. ಉತ್ತರ ಹೇಳುವುದು ಕಷ್ಟ. ಆ ತೋಟದ ಗಲಾಟೆಯ ಮರುದಿನ ನಮ್ಮಲ್ಲೊಬ್ಬಳ ಪರಿಚಯದ ಬೆಳೆಗಾರರೊಬ್ಬರು ಅವರ ಗುಡ್ಡದ ನೆತ್ತಿಯ ಖಾಲಿ ಜಾಗದಲ್ಲಿ ಒಂದು ರಾತ್ರಿ ಇರೋಕೆ ಬಿಟ್ಟರು. ಕಾಸು ತೆಗೆದುಕೊಳ್ಳಲಿಲ್ಲ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆವು. ಆ ರಾತ್ರಿ ಅದು ಮೂಳೆಗೆ ತಿಳಿಯಿತು. ಗಾಳಿಗೆ ಗುಡಾರದ ಬಟ್ಟೆ ರಾತ್ರಿಯಿಡೀ ಪಟಪಟ. ನಮ್ಮ ಉಸಿರೇ ಒಳಗೆ ನೀರಾಗಿ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಬಾಡಿಗೆಗೆ ತಂದ ಮಲಗುವ ಚೀಲ ಕೈಕೊಟ್ಟಾಗ ಕೈಹಿಡಿದದ್ದು ಒಬ್ಬನ ಅಜ್ಜಿ ಒತ್ತಾಯ ಮಾಡಿ ಕಳಿಸಿದ್ದ ಕರಿ ಕಂಬಳಿ. ಕಟ್ಟಿ ತಂದಿದ್ದ ರೊಟ್ಟಿ ಕಲ್ಲಾಗಿತ್ತು, ಮಂಡಕ್ಕಿ ಮೆತ್ತಗಾಗಿತ್ತು, ಶೇಂಗಾ ಚಟ್ನಿ ಒಂದೇ ಸರಿಯಿತ್ತು. ನಾಲ್ಕು ಗಂಟೆಗೆ ಎದ್ದು ಕೂತೆವು. ಯಾರೂ ಫೋನ್ ತೆಗೆಯಲಿಲ್ಲ, ಚಾರ್ಜೂ ಇರಲಿಲ್ಲ ಅನ್ನಿ. ದೂರದಲ್ಲಿ, ಬಯಲಿನ ಕಡೆ, ಯಾವುದೋ ಊರುಗಳ ದೀಪ ಮಿಣಿಮಿಣಿ ಅನ್ನುತ್ತಿದ್ದವು. ಕಾಲ ಕೆಳಗೆ ಕತ್ತಲಲ್ಲಿ ನೀರು ಹರಿಯುವ ಸದ್ದು. ಈ ನೀರು ನಮ್ಮೂರಿಗೆ ಬರೋಕೆ ಎಷ್ಟು ದಿನ ಬೇಕು ಅಂತ ಒಬ್ಬಳು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಆದರೆ ಅವತ್ತಿನಿಂದ ನಮ್ಮಲ್ಲಿ ಯಾರೂ ಹೊಳೆಗೆ ಪೂಜೆಯ ಪ್ಲಾಸ್ಟಿಕ್ ಕವರು ಎಸೆದಿಲ್ಲ. ಎಸೆಯುವವರ ಜೊತೆ ಎರಡು ಸಲ ಜಗಳವನ್ನೂ ಆಡಿದ್ದೇವೆ.

ಆ ರಾತ್ರಿ ನಮಗೆ ಸಿಕ್ಕಿದ್ದು ಪರಿಚಯದ ದಾಕ್ಷಿಣ್ಯದಿಂದ. ಪರಿಚಯ ಇಲ್ಲದ, 1,800 ಇಲ್ಲದ, ಇಟ್ಟಿಗೆ ಭಟ್ಟಿಯಲ್ಲಿ ದಿನಗೂಲಿ ಮಾಡುವ ಸಾರಥಿಯ ಹುಡುಗನಿಗೆ ಯಾಕೆ ಸಿಗಬಾರದು? ಅವನು ಕದ್ದು ಹತ್ತುತ್ತಾನೆ. ಕದ್ದು ಹತ್ತಿದವನು ಕತ್ತಲಲ್ಲಿ ದಾರಿ ತಪ್ಪುತ್ತಾನೆ, ಚಳಿಗೆ ಬೆಂಕಿ ಹಾಕುತ್ತಾನೆ, ಬೆಳಿಗ್ಗೆ ಸಿಕ್ಕಿಬಿದ್ದು ಕೇಸು ಹಾಕಿಸಿಕೊಳ್ಳುತ್ತಾನೆ. ಗುಡ್ಡಕ್ಕೂ ನಷ್ಟ, ಅವನಿಗೂ ನಷ್ಟ. ನಿಯಮ ಹಾಕಿ ಒಂದು ಬಾಗಿಲು ತೆರೆದರೆ ಅವನ ಹೆಸರು, ಚೀಲ, ಬಾಟಲಿ ಎಲ್ಲ ಗೇಟಿನಲ್ಲೇ ಬರೆದಿರುತ್ತದೆ.

ತೋಟಗಾರಿಕೆ ಮತ್ತು ಅರಣ್ಯ ಇಲಾಖೆಗಳಿಗೆ ಕೊಡೋಕೆ ಒಂದು ಪುಟದ ಅರ್ಜಿ ಬರೆದಿದ್ದೇವೆ. ಮೇಲೆ ಹೇಳಿದ ನಿಯಮಗಳೆಲ್ಲ ಅದರಲ್ಲಿವೆ, ದಂಡವೂ ಸೇರಿ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಾರಥಿಯ ಬಸ್ ನಿಲ್ದಾಣದ ಹತ್ತಿರ ನಾವು ಇರುತ್ತೇವೆ. ಒಪ್ಪುವವರು ಸಹಿ ಹಾಕಿ. ಒಪ್ಪದವರೂ ಬನ್ನಿ, ಚಹಾ ಕುಡಿಯುತ್ತಾ ಜಗಳ ಆಡೋಣ. ಸ್ಪೀಕರ್ ಇರುವವರು ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ.